ಹೊಳೆಗೂ ಕಡಲಿಗೂ ನಡುವಿನ ಊರು

ಮಂಗಳೂರಿನ ಹಳೇ ಬಂದರಿನಲ್ಲಿ ಫೆರಿ ಹತ್ತಿದರೆ ಈ ಊರು ಕೆಲವೇ ನಿಮಿಷದ ದಾರಿ. ರಸ್ತೆಯೂ ಇದೆ. ಆದರೆ ಅದು ಕೂಳೂರಿನ ಸೇತುವೆಯವರೆಗೆ ಉತ್ತರಕ್ಕೆ ಹೋಗಿ, ಹೊಳೆ ದಾಟಿ, ಮತ್ತೆ ದಕ್ಷಿಣಕ್ಕೆ ಇಳಿದು ಬರಬೇಕಾದ ಸುತ್ತು. ಬೆಳಗಿನ ಫೆರಿಯಿಂದ ಆಚೆ ದಡದವರು ಇಳಿದರು: ಕಾಲೇಜಿನ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ಆಸ್ಪತ್ರೆಯ ಚೀಟಿ ಕೈಯಲ್ಲಿದ್ದ ಒಬ್ಬ ವೃದ್ಧರು. ಅವರು ಇಳಿದು ಮುಗಿಯುವವರೆಗೆ ನಾವು ಕಾದೆವು. ಗಾಳಿಮಳೆಗೆ ಫೆರಿ ನಿಂತರೆ ಈ ಊರಿಗೆ ಕಾಲೇಜು, ಔಷಧಿ, ಮಾರುಕಟ್ಟೆ ಮೂರೂ ಒಟ್ಟಿಗೇ ದೂರವಾಗುತ್ತವೆ ಎಂಬುದು ಆ ದಡದಲ್ಲಿ ನಿಂತಾಗಲೇ ತಿಳಿಯಿತು.

ನಾನಿರುವುದು ಮೈಸೂರಿನ ಗೋಕುಲಂನಲ್ಲಿ, ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿ. ನಮ್ಮ ಬೀದಿಗೆ ಬಿದ್ದ ಮಳೆ ಕಾಂಟೂರ್ ರಸ್ತೆಯ ಇಳಿಜಾರಿನಲ್ಲಿ ತಾನಾಗಿ ಹರಿದು ಹೋಗುತ್ತದೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಮೋರಿ ಕಟ್ಟಿ ರಸ್ತೆಯ ಮೇಲೆ ನೀರು ನಿಂತಾಗ ಮಾತ್ರ ಫೋನುಗಳು ಓಡಾಡುತ್ತವೆ. ಆಗ ಹೆಚ್ಚಾಗಿ ಸಿಗುವ ಉತ್ತರ, ‘ಇದು ನಮ್ಮ ವಿಭಾಗಕ್ಕೆ ಬರೋದಿಲ್ಲ.’ ಕಡಲ ಅಂಚಿನ ಊರೊಂದರಲ್ಲಿ ಜನರೇ ಸೇರಿ, ವಿಭಾಗಗಳನ್ನೆಲ್ಲ ಒಂದು ಕೋಣೆಗೆ ಕರೆತಂದು ಕೂರಿಸುತ್ತಾರೆಂದು ಪರಿಚಿತರೊಬ್ಬರು ಹೇಳಿದ್ದರು. ಅದು ಹೇಗೆಂದು ನೋಡುವ ಆಸೆಯಿಂದ ಹೊರಟೆ. ಊರಿನ ಹೆಸರನ್ನು ಬರೆಯುತ್ತಿಲ್ಲ. ಮಾತಾಡಿದವರು ಬೇಡವೆಂದರು. ಮೇಲಾಗಿ ಸಸಿಹಿತ್ಲು, ಹೆಜಮಾಡಿ ಕೋಡಿ ಹೀಗೆ ಹೊಳೆಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಮರಳ ಪಟ್ಟಿಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ.

ಫೆರಿ ಹೊಳೆಯ ನಡುವಿಗೆ ಬಂದಾಗ ಜಾಗದ ನಕ್ಷೆ ಬಿಚ್ಚಿಕೊಂಡಿತು. ಉತ್ತರದಿಂದ ಗುರುಪುರ ಹೊಳೆ ಬರುತ್ತದೆ. ಫಲ್ಗುಣಿ ಎಂದೂ ಅದನ್ನು ಕರೆಯುತ್ತಾರೆ. ಅದು ಕಡಲಿನ ಹತ್ತಿರ ಬಂದರೂ ನೇರವಾಗಿ ಕಡಲು ಸೇರುವುದಿಲ್ಲ. ಉದ್ದಕ್ಕೂ ತೀರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿದು, ಪೂರ್ವದಿಂದ ಬರುವ ನೇತ್ರಾವತಿಯನ್ನು ಕೂಡಿ, ಎರಡೂ ಒಂದೇ ಅಳಿವೆಬಾಗಿಲಿನಿಂದ ಅರಬ್ಬೀ ಸಮುದ್ರಕ್ಕೆ ಇಳಿಯುತ್ತವೆ. ಹೊಳೆ ಮತ್ತು ಕಡಲಿನ ನಡುವೆ ಉಳಿದ ಮರಳಿನ ಮೇಲೆ ತೆಂಗು, ಅದರಡಿ ಮನೆಗಳು. ಎಲ್ಲೂ ದಿಬ್ಬವಿಲ್ಲ. ಎತ್ತರವಾಗಿ ಕಂಡದ್ದು ಮಸೀದಿಯ ಮಿನಾರು, ಭಜನಾ ಮಂದಿರದ ಮಾಡು, ನೀರಿನ ಟ್ಯಾಂಕು.

ದಡದಲ್ಲಿ ಒಬ್ಬ ಹಿರಿಯರು ಕಾಯುತ್ತಿದ್ದರು. ಬಹಳ ಕಾಲ ಟ್ರಾಲ್‌ಬೋಟಿನ ತಂಡೇಲರಾಗಿದ್ದು, ಅಂದರೆ ಬೋಟು ನಡೆಸುವವರಾಗಿದ್ದು, ಮೊಣಕಾಲು ನೋವಿನಿಂದ ಕಡಲಿಗೆ ಹೋಗುವುದನ್ನು ನಿಲ್ಲಿಸಿದವರು. ಮೊದಲು ಅವರು ತೋರಿಸಿದ್ದು ಮೋರಿಯನ್ನು. ಅದು ನನಗೆ ಇಷ್ಟವಾಯಿತು. ಊರಿನ ಒಳಗಿನಿಂದ ಬರುವ ಕಾಂಕ್ರೀಟಿನ ಮೋರಿ ಹೊಳೆಗೆ ಬೀಳುವ ಜಾಗದಲ್ಲಿ ಕಬ್ಬಿಣದ ಒಂದು ಬಾಗಿಲು. ಮೇಲಿನಿಂದ ಸರಪಳಿ ಎಳೆದರೆ ಏಳುತ್ತದೆ, ಬಿಟ್ಟರೆ ಮುಚ್ಚುತ್ತದೆ.

‘ನಿಮ್ಮ ಮೈಸೂರಲ್ಲಿ ಮೋರಿ ಕ್ಲೀನ್ ಮಾಡಿದ್ರೆ ಮುಗೀತು. ಇಲ್ಲಿ ಸಾಲುದಿಲ್ಲ ಮಾರಾಯ್ರೆ. ಉಬ್ಬರ ಎಷ್ಟು ಹೊತ್ತಿಗೆ ಉಂಟು ಅಂತ ಗೊತ್ತಿರ್ಬೇಕು’ ಅಂದರು.

ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನಷ್ಟು ವ್ಯತ್ಯಾಸ. ಉಬ್ಬರದ ಹೊತ್ತಿನಲ್ಲಿ ಮೋರಿಯ ಬಾಯಿ ನೀರಿನೊಳಗೆ ಮುಳುಗುತ್ತದೆ. ಬಾಗಿಲು ತೆರೆದಿದ್ದರೆ ಹೊಳೆಯ ಉಪ್ಪುನೀರು ಮೋರಿಯ ಮೂಲಕವೇ ಊರೊಳಕ್ಕೆ ನಡೆದು ಬರುತ್ತದೆ. ಮುಚ್ಚಿಟ್ಟರೆ ಊರಿನ ಮಳೆನೀರು ಹೊರಗೆ ಹೋಗುವುದಿಲ್ಲ. ಜೋರು ಮಳೆ ಮತ್ತು ಉಬ್ಬರ ಒಂದೇ ಹೊತ್ತಿಗೆ ಬಂದರೆ ಎರಡರಲ್ಲಿ ಯಾವುದನ್ನು ಸಹಿಸಬೇಕೆಂದು ಯಾರಾದರೂ ನಿಂತು ತೀರ್ಮಾನಿಸಬೇಕು. ಮೊದಲು ಆ ‘ಯಾರಾದರೂ’ ಇರಲಿಲ್ಲ. ಬಾಗಿಲು ಒಬ್ಬರದು, ಮೋರಿ ಇನ್ನೊಬ್ಬರದು, ಹೊಳೆ ಮತ್ತೊಬ್ಬರದು. ಈಗ ಮಳೆಗಾಲದಲ್ಲಿ ಆ ಕೇರಿಯ ಯುವಕ ಮಂಡಲದ ಇಬ್ಬರು ಸರದಿಯಂತೆ ಬಾಗಿಲು ನೋಡಿಕೊಳ್ಳುತ್ತಾರೆ. ಉಬ್ಬರದ ವೇಳಾಪಟ್ಟಿ ಬಂದರಿನಿಂದ ಅವರ ಮೊಬೈಲಿಗೆ ಬರುತ್ತದೆ. ಸರಪಳಿಗೆ ಗ್ರೀಸ್ ಹಚ್ಚಿತ್ತು. ಬಾಗಿಲಿನ ಕೀಲುಗಳು ಮಾತ್ರ ತುಕ್ಕು ಹಿಡಿದು ಪದರ ಪದರವಾಗಿ ಎದ್ದಿದ್ದವು. ಇನ್ನೊಂದು ಮಳೆಗಾಲವನ್ನು ಅವು ತಡೆಯುತ್ತವೆಯೇ ಎಂದು ನನಗೆ ಅನುಮಾನ. ಕೇಳಿದಾಗ ಹಿರಿಯರೂ ಖಾತ್ರಿಯಾಗಿ ಹೇಳಲಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಮೈಸೂರಿನ ನಾಲ್ಕು ಪಟ್ಟಿನಷ್ಟು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2018ರ ಮೇ 29ರಂದು ಮುಂಗಾರಿನ ಬಾಗಿಲಲ್ಲೇ ಬಿದ್ದ ಮಳೆಗೆ ಆಚೆ ದಡದ ನಗರದಲ್ಲಿ ರಾಜಕಾಲುವೆಗಳು ಉಕ್ಕಿ, ಮನೆ ಅಂಗಡಿಗಳಿಗೆ ನೀರು ನುಗ್ಗಿತು. ಆ ದಿನವನ್ನು ಇಲ್ಲಿಯವರೂ ಮರೆತಿಲ್ಲ. ನಗರದ ಕಾಲುವೆಗಳಲ್ಲಿ ಹಲವು ಬಂದು ಬೀಳುವುದು ಇದೇ ಹೊಳೆಗೆ. ಅಲ್ಲಿ ಕಾಲುವೆಯ ಅಕ್ಕಪಕ್ಕದ ಗದ್ದೆಗೆ ಮಣ್ಣು ತುಂಬಿಸಿ ಕಟ್ಟಡ ಎಬ್ಬಿಸಿದರೆ, ನಿಂತು ಇಂಗಬೇಕಾದ ನೀರು ನಿಲ್ಲದೆ ಒಮ್ಮೆಲೇ ಈ ಕಡೆಗೆ ಬರುತ್ತದೆ.

ಹೊಳೆ ಬದಿ ಬಿಟ್ಟು ಓಣಿಯೊಳಕ್ಕೆ ಹೊಕ್ಕೆವು. ಕಾಲಡಿಯಲ್ಲಿ ಇಂಟರ್‌ಲಾಕ್ ಇಟ್ಟಿಗೆ, ಅದರ ಸಂದಿಗಳಲ್ಲಿ ಬಿಳಿ ಮರಳು. ಕೆಲವು ಮನೆಗಳ ಪಂಚಾಂಗ ಮೂರು ಅಡಿ ಏರಿದೆ. ಪಕ್ಕದ ಹಳೇ ಮನೆ ನೆಲಮಟ್ಟದಲ್ಲೇ ಇದೆ. ಎತ್ತರಿಸಿದವರ ಅಂಗಳದ ನೀರು ಎತ್ತರಿಸಲಾಗದವರ ಮನೆಗೆ ಹೋಗುತ್ತದೆಯಲ್ಲ ಎಂದೆ. ‘ಹೋಗ್ತದೆ’ ಎಂದರು ಹಿರಿಯರು. ಅದಕ್ಕೇನು ಮಾಡುತ್ತೀರಿ ಎಂದದ್ದಕ್ಕೆ ಸ್ಪಷ್ಟ ಉತ್ತರ ಸಿಗಲಿಲ್ಲ. ಒಬ್ಬೊಬ್ಬರೇ ತಮ್ಮ ಮನೆಯನ್ನು ಉಳಿಸಿಕೊಳ್ಳಲು ಹೊರಟರೆ ಏನಾಗುತ್ತದೆ ಎಂಬುದು ಆ ಎರಡು ಮನೆಗಳ ನಡುವಿನ ಒಂದು ಗೇಣಿನ ಜಾಗದಲ್ಲಿ ಕಾಣುತ್ತಿತ್ತು.

ಬಾವಿಯ ಬಳಿ ಮೀನು ಮಾರುವ ಅಕ್ಕ ಒಬ್ಬರು ಬಟ್ಟೆ ನೆನೆಸುತ್ತಿದ್ದರು. ಬಾವಿ ಆಳವಿಲ್ಲ, ಬಗ್ಗಿ ನೋಡಿದರೆ ನೀರು ಹತ್ತಿರದಲ್ಲೇ. ಎರಡು ಕಡೆಯೂ ಉಪ್ಪುನೀರಿರುವ ಮರಳಿನಲ್ಲಿ ಕುಡಿಯುವ ನೀರು ಹೇಗೆ? ಮಳೆಯ ಸಿಹಿನೀರು ಉಪ್ಪುನೀರಿಗಿಂತ ಹಗುರ. ಮರಳಿನೊಳಗೆ ಇಂಗಿದ್ದು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ, ಕೆಳಗಿನಿಂದ ಉಪ್ಪುನೀರು ಅದರ ಎಷ್ಟೋ ಪಟ್ಟು ಮೇಲಕ್ಕೆ ಬರುತ್ತದೆ. ಹಾಗಾಗಿ ಒಬ್ಬರು ಪಂಪ್ ಇಟ್ಟು ಜಗ್ಗಿದರೆ ಸುತ್ತಲಿನ ಹತ್ತು ಬಾವಿ ಕೆಡುತ್ತವೆ. ಈ ಕೇರಿಯಲ್ಲಿ ಬಾವಿಗೆ ಪಂಪ್ ಇಡಬಾರದೆಂದು ಅವರೇ ಕಟ್ಟು ಮಾಡಿಕೊಂಡಿದ್ದಾರೆ. ನಗರದ ನಲ್ಲಿನೀರು ನೇತ್ರಾವತಿಗೆ ಕಟ್ಟಿರುವ ತುಂಬೆ ಅಣೆಕಟ್ಟಿನಿಂದ ಬರುತ್ತದೆ. ಬೇಸಗೆಯಲ್ಲಿ ಅದು ಸೊರಗಿದಾಗ ಈ ಬಾವಿಗಳೇ ಗತಿ. ‘ಮೇ ತಿಂಗಳಲ್ಲಿ ಚಾ ಮಾಡಿದ್ರೆ ಗೊತ್ತಾಗ್ತದೆ, ಹಾಲು ಒಡೀತದೆ’ ಎಂದರು ಅಕ್ಕ. ಕಟ್ಟು ಮುರಿದವರಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕು ಸುಮ್ಮನಾದರು.

ಓಣಿ ಮುಗಿದಲ್ಲಿ ಶಾಲೆ. ಊರಿನ ಉಳಿದ ನೆಲಕ್ಕಿಂತ ನಾಲ್ಕು ಮೆಟ್ಟಿಲು ಎತ್ತರ. ಗೋಡೆಯ ಮೇಲೆ ‘ಕಾಳಜಿ ಕೇಂದ್ರ’ ಎಂದು ಬರೆದಿತ್ತು. ನೆರೆ ಬಂದಾಗ ಜನ ಬಂದು ಉಳಿಯುವ ಜಾಗ. ನಾನು ನೋಡಲು ಬಂದ ಕೂಟ ಸೇರುವುದು ಅದರ ಪಕ್ಕದ ಕೋಣೆಯಲ್ಲೇ. ಒಳಗೆ ಒಂದು ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಲೈಫ್ ಜಾಕೆಟುಗಳ ರಾಶಿ, ಟಾರ್ಪಾಲು, ಹಗ್ಗ. ಗೋಡೆಗೆ ಅಂಟಿಸಿದ ಹಾಳೆಯನ್ನು ನಿಂತು ಪೂರ್ತಿ ಓದಿದೆ. ಅಲ್ಲಿ ಹೆಸರಿಗಿಂತ ಮೊದಲು ಕೆಲಸ ಬರೆದಿದೆ. ಮೋರಿ ಬಾಗಿಲು. ನಡೆಯಲಾಗದವರ ಮನೆಗಳು. ಫೆರಿ ನಿಂತರೆ ರೋಗಿಯನ್ನು ದಾಟಿಸುವ ದೋಣಿ. ಕರೆಂಟು ಕಡಿತ. ಅಕ್ಕಿ ಮತ್ತು ಗ್ಯಾಸು. ಕಡಲಲ್ಲಿರುವ ಬೋಟುಗಳ ಪಟ್ಟಿ. ಪ್ರತಿ ಕೆಲಸದ ಎದುರು ಎರಡು ಫೋನ್ ನಂಬರ್: ಒಂದು ಊರಿನವರದು, ಒಂದು ಆ ಇಲಾಖೆಯವರದು. ಒಂದೇ ನಂಬರ್ ಇದ್ದರೆ ಆ ಸಾಲನ್ನು ಅಪೂರ್ಣವೆಂದೇ ಲೆಕ್ಕ ಹಿಡಿಯುತ್ತಾರಂತೆ. ಎರಡು ಸಾಲುಗಳು ಹಾಗೆ ಅಪೂರ್ಣವಾಗಿದ್ದವು. ಅವುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿತ್ತು.

ಕೂಟಕ್ಕೆ ಬರುವವರು ಯಾರು ಎಂದು ಕೇಳಿದೆ. ಮಸೀದಿಯ ಕಡೆಯವರು, ಭಜನಾ ಮಂದಿರದವರು, ನಾಡದೋಣಿಯವರು, ಬೋಟು ಮಾಲೀಕರು, ಸ್ವಸಹಾಯ ಗುಂಪಿನ ಹೆಂಗಸರು, ಶಾಲೆಯ ಶಿಕ್ಷಕಿ, ವಾರ್ಡಿನ ಪ್ರತಿನಿಧಿ. ಮಳೆಗಾಲಕ್ಕೆ ಮೊದಲಿನ ಸಭೆಗೆ ಬಂದರು, ವಿದ್ಯುತ್, ಕಂದಾಯ ಇಲಾಖೆಗಳವರೂ ಬರುತ್ತಾರೆ. ತುಳುವಿನಲ್ಲಿ ಮಾತು, ನಡುನಡುವೆ ಬ್ಯಾರಿ, ಅಧಿಕಾರಿಗಳು ಬಂದಾಗ ಕನ್ನಡ. ಜಗಳವಿಲ್ಲವೇ? ಬೇಕಾದಷ್ಟು. ನಾಡದೋಣಿಯವರಿಗೂ ಬೋಟಿನವರಿಗೂ ಮೀನಿನ ವಿಷಯದಲ್ಲಿ ಹಳೇ ವ್ಯಾಜ್ಯ. ಅದನ್ನು ಈ ಕೋಣೆಯೊಳಗೆ ತರಬಾರದೆಂಬುದು ನಿಯಮ. ನಿಯಮ ಪ್ರತಿ ಸಲವೂ ಉಳಿಯುತ್ತದೆಂದು ಯಾರೂ ಹೇಳಲಿಲ್ಲ.

ಈ ಬಗೆಯ ಕೂಟ ಕರಾವಳಿಗೆ ಹೊಸತಲ್ಲ. ಹಿಂದೆ ಇಲ್ಲಿ ರಂಪಣಿ ಎಳೆಯುತ್ತಿದ್ದರು. ಕಡಲಿನಲ್ಲಿ ಅರ್ಧಚಂದ್ರವಾಗಿ ಹಾಸಿದ ದೊಡ್ಡ ಬಲೆ. ಎರಡು ತುದಿಯನ್ನೂ ದಡದಿಂದ ಹತ್ತಾರು ಜನ ಸೇರಿ ಎಳೆಯಬೇಕು. ಬಲೆಗೆ, ದೋಣಿಗೆ, ಎಳೆದ ಕೈಗಳಿಗೆ ಇಂತಿಷ್ಟು ಎಂದು ಪಾಲು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಬಂಗುಡೆ, ಬೂತಾಯಿ ಹಿಂಡುಗಳನ್ನು ಕಡಲಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ರಂಪಣಿ ಮುರಿದುಬಿತ್ತು. ಈಗ ಉಳಿದಿರುವುದು ಸಣ್ಣ ಕೈರಂಪಣಿ. ‘ಬಲೆ ಹೋಯ್ತು, ಕರೆದಾಗ ಬರುವ ಅಭ್ಯಾಸ ಸ್ವಲ್ಪ ಉಳಿದಿದೆ’ ಎಂದರು ಹಿರಿಯರು. ಅವರ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ: ರಂಪಣಿ ಬಹುಮಟ್ಟಿಗೆ ಒಂದೇ ಸಮುದಾಯದ ಕೂಟವಾಗಿತ್ತು. ಈಗಿನದು ಹಾಗಲ್ಲ, ಹಾಗಿರಲೂ ಆಗದು. ಒಂದು ಕೇರಿಯ ಮೋರಿ ತುಂಬಿದರೆ ಇನ್ನೊಂದು ಕೇರಿಯ ಬಾವಿ ಕೆಡುವ ಊರು ಇದು.

ಮೇಜಿನ ಮೇಲಿದ್ದ ಬೋಟುಗಳ ಪಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮುಂಗಾರಿನ ಕಡಲು ಅಬ್ಬರಿಸುವಾಗ ಬೋಟುಗಳು ದಡದಲ್ಲಿ, ಗಂಡಸರು ಮನೆಯಲ್ಲಿ. ಮರಳಿನ ಚೀಲ ಹೊರಲು, ಮೋರಿ ಬಿಡಿಸಲು ಕೈಗಳು ಸಿಗುತ್ತವೆ. ಹಳೇ ಲೆಕ್ಕಾಚಾರ ಪೂರ್ತಿ ಇದರ ಮೇಲೆ ನಿಂತಿತ್ತು. ಆದರೆ ಈಚಿನ ಚಂಡಮಾರುತಗಳು ಬಂದ ತಿಂಗಳು ನೋಡಿ. ಓಖಿ 2017ರ ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರದಲ್ಲಿ. ಕ್ಯಾರ್ 2019ರ ಅಕ್ಟೋಬರ್‌ನಲ್ಲಿ. ತೌಕ್ತೆ 2021ರ ಮೇ ಮಧ್ಯದಲ್ಲಿ. ಮೂರೂ ನಿಷೇಧದ ಹೊರಗೆ, ಬೋಟುಗಳು ಕಡಲಿಗಿಳಿಯುವ ಕಾಲದಲ್ಲಿ. ಅರಬ್ಬೀ ಸಮುದ್ರದ ಮೇಲ್ಮೈ ಬಿಸಿಯಾಗುತ್ತಿದೆ, ಅದರೊಂದಿಗೆ ಚಂಡಮಾರುತಗಳ ಬಲವೂ ಹೆಚ್ಚುತ್ತಿದೆ. ಗಾಳಿ ಬರುವ ಹೊತ್ತಿಗೆ ಊರಿನ ಗಟ್ಟಿ ಕೈಗಳು ದಡದಿಂದ ಎಷ್ಟೋ ಮೈಲಿ ದೂರ ಇರಬಹುದು. ದಡದಲ್ಲಿ ಉಳಿದವರು ಹೆಂಗಸರು, ಮುದುಕರು, ಮಕ್ಕಳು. ಆದ್ದರಿಂದ ಕೆಲಸದ ಹಾಳೆಯನ್ನು ಎರಡು ಮಾಡಿದ್ದಾರೆ: ಬೋಟು ದಡದಲ್ಲಿದ್ದಾಗಿನದು ಒಂದು, ಬೋಟು ಕಡಲಲ್ಲಿದ್ದಾಗಿನದು ಒಂದು. ಎರಡನೆಯದರಲ್ಲಿ ಹೆಚ್ಚಿನ ಹೆಸರು ಹೆಂಗಸರವು. ಈ ನಡಿಗೆಯಲ್ಲಿ ನಾನು ಕಂಡ ಅತ್ಯಂತ ಜಾಣ ಕೆಲಸ ಅದು. ಯಾವ ಇಂಜಿನಿಯರರ ನಕ್ಷೆಯಲ್ಲೂ ಇದು ಹುಟ್ಟಲಾರದು. ಬೋಟು ಯಾವಾಗ ಎಲ್ಲಿರುತ್ತದೆಂದು ಬಲ್ಲವರ ನಡುವೆ ಕೂತರೆ ಮಾತ್ರ ಹುಟ್ಟುತ್ತದೆ.

ಆದರೆ ಎರಡೂ ಹಾಳೆಗಳಲ್ಲಿ ಕಾಣದ ಒಂದು ಗುಂಪಿದೆ. ಹೊಳೆ ಬದಿಯ ಬೋಟುಗಳ ಮೇಲೆ ಬಲೆ ಹೊಲಿಯುತ್ತ ಕೂತಿದ್ದ ಹುಡುಗರು ತೆಲುಗು, ಒಡಿಯಾ, ಹಿಂದಿ ಮಾತಾಡುತ್ತಿದ್ದರು. ಮಂಗಳೂರಿನ ಬೋಟುಗಳಲ್ಲಿ ದುಡಿಯುವವರಲ್ಲಿ ಇಂಥವರು ಬಹಳ. ರಾತ್ರಿ ಬೋಟಿನ ಮೇಲೇ ಮಲಗುತ್ತಾರೆ. ಗಾಳಿಯ ಎಚ್ಚರಿಕೆ ಅವರಿಗೆ ಯಾವ ಭಾಷೆಯಲ್ಲಿ ಮುಟ್ಟುತ್ತದೆ, ಕಾಳಜಿ ಕೇಂದ್ರದಲ್ಲಿ ಅವರಿಗೂ ಚಾಪೆಯಿದೆಯೇ? ‘ಅವರದ್ದು ಮಾಲೀಕರು ನೋಡಿಕೊಳ್ತಾರೆ’ ಎಂಬ ಉತ್ತರ ಬಂತು. ನನಗೆ ಸಮಾಧಾನವಾಗಲಿಲ್ಲ, ಹಾಗೆಂದು ಹೇಳಿದೆ. ಜೊತೆಗಿದ್ದ ಶಿಕ್ಷಕಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಶಾಲೆಯ ಹಿಂದಿನಿಂದ ಕಡಲಿಗೆ ದಾರಿ. ಗಾಳಿಮರಗಳ ಸಾಲು, ಆಚೆ ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ ದಟ್ಟವಾಗಿ ಹಬ್ಬಿತ್ತು. ಕೆಲವು ಕಡೆ ಬಳ್ಳಿಯನ್ನು ಕಿತ್ತು ಬೆಂಚು ಹಾಕಿದ್ದಾರೆ, ಬರುವವರಿಗೆ ಕುಳಿತುಕೊಳ್ಳಲು. ಮರಳನ್ನು ಹಿಡಿದು ದಿಬ್ಬ ಕಟ್ಟುವುದು ಆ ಬಳ್ಳಿಯೇ. ಬೆಂಚಿನ ಸುತ್ತ ಮರಳು ಆಗಲೇ ಸಡಿಲವಾಗಿತ್ತು. ಕೂಟದ ಮಾತು ಇಲ್ಲಿಯವರೆಗೆ ತಲುಪಿಲ್ಲವೋ, ತಲುಪಿಯೂ ಸೋತಿತೋ ತಿಳಿಯಲಿಲ್ಲ.

ತೀರದಲ್ಲಿ ದಕ್ಷಿಣಕ್ಕೆ ನಡೆಯುತ್ತ ಅಳಿವೆಬಾಗಿಲ ಕಲ್ಲಿನ ಗೋಡೆಯ ಹತ್ತಿರ ಬಂದೆವು. ಬೋಟುಗಳು ಸುರಕ್ಷಿತವಾಗಿ ಒಳಗೆ ಹೊರಗೆ ಹೋಗಲೆಂದು ಬಾಗಿಲಿನ ಎರಡು ಬದಿಗೂ ಕಡಲಿನೊಳಕ್ಕೆ ಕಟ್ಟಿದ ತಡೆಗೋಡೆಗಳಿವು. ಇಲ್ಲಿ ನಿಂತರೆ ತೀರ ಅಗಲವಾಗಿ, ಸಮೃದ್ಧವಾಗಿ ಕಾಣುತ್ತದೆ. ಗೋಡೆಯ ಈ ಬದಿಯಲ್ಲಿ ವರ್ಷದಿಂದ ವರ್ಷಕ್ಕೆ ಮರಳು ಕೂಡಿದೆ. ಹಿರಿಯರು ಬೆರಳು ತೋರಿಸಿದ್ದು ಆ ಕಡೆಗೆ, ಬಾಗಿಲಿನಾಚೆಯ ಉಳ್ಳಾಲಕ್ಕೆ. ಅಲ್ಲಿ ಕಡಲ್ಕೊರೆತ. ಮನೆ, ತೆಂಗು, ರಸ್ತೆ ಕಡಲ ಪಾಲಾದ ಚಿತ್ರಗಳನ್ನು ಪ್ರತಿ ಮಳೆಗಾಲದ ಪತ್ರಿಕೆಗಳಲ್ಲಿ ನಾವು ನೋಡುತ್ತೇವೆ. ತೌಕ್ತೆಯ ಅಲೆಗಳು ಸೋಮೇಶ್ವರ, ಉಚ್ಚಿಲದ ಕಡೆ ರಸ್ತೆಯನ್ನೇ ಕಿತ್ತವು. ಅಲೆ ತೀರದುದ್ದಕ್ಕೆ ಹೊತ್ತೊಯ್ಯುವ ಮರಳನ್ನು ಗೋಡೆ ಒಂದು ಬದಿಯಲ್ಲಿ ಹಿಡಿದರೆ ಇನ್ನೊಂದು ಬದಿಗೆ ಅದು ಸಿಗುವುದಿಲ್ಲ. ಅಂತರರಾಷ್ಟ್ರೀಯ ಬ್ಯಾಂಕೊಂದರ ಸಾಲದಲ್ಲಿ, 2010ರಲ್ಲಿ ಒಪ್ಪಿಗೆಯಾದ ಯೋಜನೆಯಡಿ ಉಳ್ಳಾಲದ ಎದುರು ಕಡಲೊಳಗೆ ಕೃತಕ ದಿಬ್ಬಗಳನ್ನು ಮುಳುಗಿಸಿ, ತಡೆಗೋಡೆಗಳನ್ನು ಸರಿಪಡಿಸಿದರು. ಅದರಿಂದ ಕೆಲವು ಕಡೆ ಕೊರೆತ ತಗ್ಗಿತು. ಇನ್ನಷ್ಟು ದಕ್ಷಿಣದ ಊರುಗಳು ಈಗಲೂ ಕಲ್ಲು ಕೇಳುತ್ತಲೇ ಇವೆ.

ಉಳ್ಳಾಲದ ಕಡೆಯವರನ್ನು ನಿಮ್ಮ ಕೂಟಕ್ಕೆ ಕರೆದಿದ್ದೀರಾ ಎಂದು ಕೇಳಿದೆ.

‘ಒಮ್ಮೆ ಕರೆದದ್ದುಂಟು. ಮಾತು ಬಿಸಿಯಾಯ್ತು. ನಿಮ್ಮ ಮರಳು ನಮ್ಮದು ಅಂದ್ರು ಅವರು.’ ಸ್ವಲ್ಪ ಹೊತ್ತು ಬಿಟ್ಟು, ‘ಸುಳ್ಳೇನಲ್ಲ’ ಅಂದರು.

ಈ ಊರಿನ ಕೂಟ ತನ್ನ ಮೋರಿಯನ್ನು, ಬಾವಿಯನ್ನು, ಬೋಟನ್ನು ಚೆನ್ನಾಗಿ ಕಾಯುತ್ತಿದೆ. ಆದರೆ ಹೊಳೆಯ ಬಾಗಿಲಿನ ಎರಡು ದಡದವರು ಒಂದೇ ಮೇಜಿನಲ್ಲಿ ಕೂರದೆ ಮರಳಿನ ಲೆಕ್ಕ ಸರಿಯಾಗುವುದಿಲ್ಲ. ನಗರದ ರಾಜಕಾಲುವೆಯ ಪಕ್ಕದವರು ಬಾರದೆ ನೆರೆಯ ಲೆಕ್ಕವೂ ಸರಿಯಾಗುವುದಿಲ್ಲ. ಕೂಟದ ಗಡಿ ವಾರ್ಡಿನ ಗಡಿಯಾದರೆ ಸಾಲದು, ನೀರು ಮತ್ತು ಮರಳು ಓಡಾಡುವಷ್ಟು ದೂರ ಅದು ಚಾಚಬೇಕು. ಆ ಬಿಸಿ ಮಾತಿನ ಸಭೆಯನ್ನು ಇವರು ಮತ್ತೊಮ್ಮೆ ಕರೆಯಬೇಕೆಂದು ನನ್ನ ಆಸೆ. ಹಿರಿಯರಿಗೆ ಅಲ್ಲೇ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಗೋಕುಲಂನ ಓದುಗರಿಗೆ ಒಂದು ಮಾತು. ಕಡಲಿಲ್ಲದ ನಮಗೆ ಇದರಿಂದೇನು ಎನ್ನಬೇಡಿ. ಕರ್ನಾಟಕದ ನಗರಪಾಲಿಕೆಗಳ 1976ರ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ವಾರ್ಡ್ ಸಮಿತಿ, ಏರಿಯಾ ಸಭೆಗಳಿಗೆ ಜಾಗ ಮಾಡಿಕೊಟ್ಟಿದೆ. ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಇರಲೇಬೇಕೆಂದು ಅದು ಹೇಳುತ್ತದೆ. ಕರಾವಳಿಯಲ್ಲಿ ಕಂಡಂಥ ಕೂಟಕ್ಕೆ ಮೈಸೂರಿನಲ್ಲೂ ಅದು ಹಿಡಿಕೆಯಾಗಬಹುದು. ಮುಂಗಾರಿಗೆ ಮೊದಲು ನಿಮ್ಮ ಬೀದಿಯ ಮೋರಿಯ ಜೊತೆ ಅದು ಮುಗಿಯುವವರೆಗೆ ನಡೆದು ಹೋಗಿ. ಪೌರಕಾರ್ಮಿಕರನ್ನು ಕರೆದುಕೊಳ್ಳಿ, ಲೈನ್‌ಮನ್ ಬರಲಿ, ಕೊನೆಯಲ್ಲಿ ತಗ್ಗಿನ ಬಡಾವಣೆಯವರ ಮನೆ ಬಾಗಿಲು ತಟ್ಟಿ, ನಮ್ಮ ನೀರು ನಿಮ್ಮಲ್ಲಿ ಏನು ಮಾಡುತ್ತದೆ ಎಂದು ಕೇಳಿ. ಬಂದ ಉತ್ತರವನ್ನು ಹಾಳೆಯಲ್ಲಿ ಬರೆದು, ಪ್ರತಿ ಕೆಲಸದ ಎದುರು ಎರಡು ಫೋನ್ ನಂಬರ್ ಹಾಕಿ ಗೋಡೆಗೆ ಅಂಟಿಸಿ. ಒಂದೇ ನಂಬರ್ ಸಿಕ್ಕ ಸಾಲುಗಳಿಗೆ ಕೆಂಪು ಗೆರೆ ಎಳೆದು, ಅವನ್ನು ತುಂಬಿಸುವವರೆಗೆ ಬಿಡಬೇಡಿ.